ಚಿಟ್ಟಿಯ ರಂಗೋಲಿಗಾಗಿ ಕಡಲು ಹಿಂದೆ ಸರಿದದ್ದು

ಲೋಕಕ್ಕೆ ಬಳಿದ ಬಣ್ಣ ಇನ್ನೂ ಆರಿರದ ಕಾಲ. ಆಗ ಕಡಲಿಗೆ ಹಿಂದೆ ಸರಿಯುವುದೇ ಗೊತ್ತಿರಲಿಲ್ಲ.

ಕಡಲಮ್ಮನಿಗೆ ಒಬ್ಬಳು ಮಗಳು, ಕಿರುದೆರೆ. ಅವಳಿಗೆ ಇದ್ದದ್ದು ಒಬ್ಬಳೇ ಗೆಳತಿ, ದಡದ ಏಡಿಮರಿ ಚಿಟ್ಟಿ. ಚಿಟ್ಟಿ ಮರಳನ್ನು ಸಾಸಿವೆಯಷ್ಟು ಸಣ್ಣ ಉಂಡೆ ಕಟ್ಟಿ, ಬಿಲದ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದಳು. ಉಂಡೆ ಪಕ್ಕ ಉಂಡೆ, ಉಂಡೆ ಪಕ್ಕ ಉಂಡೆ!

ಒಂದು ಬೆಳಿಗ್ಗೆ ಕಿರುದೆರೆ "ಚಿಟ್ಟೀ!" ಎಂದು ಕುಣಿಯುತ್ತಾ ಓಡಿಬಂದಳು. ಜುಯ್! ರಂಗೋಲಿಯೆಲ್ಲ ಅಳಿಸಿಹೋಯಿತು.

"ಹೋಗೇ! ಇನ್ನು ನಿನ್ನ ಜೊತೆ ಟೂ!" ಎಂದು ಚಿಟ್ಟಿ ಬಿಲದೊಳಗೆ ನುಗ್ಗಿಬಿಟ್ಟಳು.

ಕಿರುದೆರೆ ಅಳುತ್ತಾ ಬಂದು ಅಮ್ಮನ ಮಡಿಲಲ್ಲಿ ಅಡಗಿದಳು. "ಅಮ್ಮಾ, ನೀನೇ ಹೋಗಿ ಹೇಳು!"

ಕಡಲಮ್ಮ ತಡೆಯುವಳೇ? ತೆಂಗಿನ ಮರದೆತ್ತರ ಎದ್ದೇಬಿಟ್ಟಳು!

"ನಿಲ್ಲೇ ಮಾರಾಯ್ತಿ!" ಎಂದು ಗಾಳಿಯಜ್ಜಿ ಅಡ್ಡ ಬಂದಳು. "ನೀನು ಹೋದರೆ ಬಿಲವೂ ಇಲ್ಲ, ಗೆಳತಿಯೂ ಇಲ್ಲ. ಮಕ್ಕಳ ಮಾತು ಮಕ್ಕಳೇ ಆಡಲಿ."

ಕಡಲಮ್ಮ ಕಷ್ಟಪಟ್ಟು ಕುಳಿತಳು. ಮಗಳನ್ನು ಕೇಳಿದಳು, "ಎದೆಯೊಳಗೆ ಹೇಗಾಗ್ತಿದೆ ಕಂದಾ?"

"ಒದ್ದೆ ಮರಳು ತುಂಬಿದ ಹಾಗೆ."

"ಅದು ಬೇಜಾರು. ಚಿಟ್ಟಿಗೂ ಹಾಗೇ ಆಗಿರುತ್ತೆ. ಹೋಗಿ ಮಾತಾಡು."

"ಹೆದರಿಕೆಯಾದರೆ?"

"ಓಡಿ ಬಾ. ನನ್ನನ್ನು ಮುಟ್ಟಿ ಮತ್ತೆ ಹೋಗು. ನಾನು ಇಲ್ಲೇ ಇರ್ತೀನಿ."

ಕಿರುದೆರೆ ಹೋದಳು. ಅರ್ಧ ದಾರಿಗೆ ಹೆದರಿ ಓಡಿಬಂದಳು. ಅಮ್ಮನನ್ನು ಮುಟ್ಟಿದಳು, ಮತ್ತೆ ಹೋದಳು. ಮತ್ತೆ ಬಂದಳು, ಮತ್ತೆ ಹೋದಳು. ತಳ್ಳಿಬಿಡೋಣ ಎಂದು ಕಡಲಮ್ಮನ ಕೈ ತುರಿಸುತ್ತಿತ್ತು. ತಳ್ಳಲಿಲ್ಲ!

ಏಳನೆಯ ಸಲ ಕಿರುದೆರೆ ಬಿಲ ಮುಟ್ಟಿದಳು. "ಚಿಟ್ಟೀ, ನಿನ್ನ ರಂಗೋಲಿ ಅಳಿಸಿಬಿಟ್ಟೆ. ಬೇಕಂತ ಅಲ್ಲ ಕಣೇ. ತಪ್ಪಾಯ್ತು."

ಬಿಲದಿಂದ ಎರಡು ಕಣ್ಣು ಮೇಲೆದ್ದವು. "ನಿನ್ನ ಕಣ್ಣೆಲ್ಲಿತ್ತು? ನನ್ನ ಹಾಗೆ ಕಡ್ಡಿಯ ಮೇಲೆ ಇಟ್ಕೋಬಾರದಾ?"

ಕಿರುದೆರೆ ಕಿಸಕ್ಕನೆ ನಕ್ಕಳು. ಚಿಟ್ಟಿಗೂ ನಗು ಬಂತು.

"ನಾನು ರಂಗೋಲಿ ಮುಗಿಸೋವರೆಗೆ ದೂರ ಇರ್ತೀಯಾ?"

"ಇರ್ತೀನಿ! ಮುಗಿದ ಮೇಲೆ?"

"ಮುಗಿದ ಮೇಲೆ ಓಡಿ ಬಾ. ಇಬ್ಬರೂ ಸೇರಿ ಅಳಿಸೋಣ!"

ಕಡಲಮ್ಮನಿಗೆ ಕುಣಿಯುವಷ್ಟು ಖುಷಿ. ಮಗಳ ಕೈ ಹಿಡಿದು, ಮೊಟ್ಟಮೊದಲ ಸಲ ದೂರ ದೂರ ಹಿಂದೆ ಸರಿದಳು.

ಅದಕ್ಕೇ ಪುಟ್ಟಾ, ಇವತ್ತಿಗೂ ಕಡಲು ದಿನವೂ ಹಿಂದೆ ಸರಿದು ಏಡಿಯ ರಂಗೋಲಿಗೆ ಜಾಗ ಬಿಡುತ್ತದೆ. ನಿನ್ನ ಕಾಲಿಗೆ ತಾಗಿದ ತೆರೆ ಓಡಿಹೋದರೆ ಬೇಜಾರು ಮಾಡಿಕೊಳ್ಳಬೇಡ, ಅದು ಅಮ್ಮನನ್ನು ಮುಟ್ಟಿ ಈಗ ಬಂದೇ ಬರುತ್ತದೆ.