ಮೆಟ್ಟಿನ ಸಾಲು

“ಯಾರೂ ಅವಳನ್ನು ಹೋಗು ಎನ್ನಲಿಲ್ಲ, ಬುದ್ಧಿ. ಹಾಗಿದ್ದ ಮೇಲೆ ಅವಳು ಏಕೆ ಹೊರಟುಹೋದಳು?”

ಕೇಳಿದವನು ಉದ್ದಾನಯ್ಯ. ಮಠದ ಆಸ್ಪತ್ರೆಯ ಉಸ್ತುವಾರಿ ಅವನದು. ಹಿಂದಿನ ವಾರ ಕಾಡಂಚಿನ ಹಾಡಿಯಿಂದ ಒಬ್ಬ ತಾಯಿ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಬಂದಿದ್ದಳು. ಮಧ್ಯಾಹ್ನದವರೆಗೆ ಬಾಗಿಲ ಬಳಿ ಕುಳಿತಿದ್ದು ಎದ್ದು ಹೋದಳು. ಮೂರನೆಯ ದಿನ ಮಗು ತೀರಿಕೊಂಡಿತು. ಅಂದಿನಿಂದ ಉದ್ದಾನಯ್ಯನಿಗೆ ಅನ್ನ ಸೇರುತ್ತಿರಲಿಲ್ಲ. ಕಾವಲಿನವನನ್ನು ಕೇಳಿದ್ದ, ನರ್ಸುಗಳನ್ನು ಕೇಳಿದ್ದ. ಯಾರೂ ಗದರಿಸಿರಲಿಲ್ಲ, ಯಾರೂ ಜಾತಿ ವಿಚಾರಿಸಿರಲಿಲ್ಲ. ಅಲ್ಲಿ ಎಲ್ಲರಿಗೂ ಒಂದೇ ನಿಯಮ. ಗೋಡೆಯ ಮೇಲೆ ಬರೆದ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸರದಿಯ ಸಂಖ್ಯೆ ಫೋನಿಗೆ ಬರುತ್ತದೆ. ಎಂಥ ದೊಡ್ಡವರ ಶಿಫಾರಸು ಬಂದರೂ ಸರದಿ ತಪ್ಪುವುದಿಲ್ಲ. ಈ ಏರ್ಪಾಡು ಮಾಡಿದವನು ಉದ್ದಾನಯ್ಯನೇ. ಅಷ್ಟು ಸಂಕಟದಲ್ಲೂ ಅದನ್ನು ಹೇಳುವಾಗ ಅವನ ದನಿ ಸ್ವಲ್ಪ ಏರಿತು.

ಮಠದ ಗುರುಗಳಿಗೆ ಆ ಏರಿದ ದನಿ ಕೇಳಿಸಿತು. ಕೂರಲು ಹೇಳಿ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಅವನ ಕೈಗುಣ ದೊಡ್ಡದು, ಮನಸ್ಸೂ ಒಳ್ಳೆಯದು. ಅವನಿಗಿಂತ ಮುಂಚೆ ಆ ಮನೆಯಲ್ಲಿ ಮದ್ದು ಕೊಡುತ್ತಿದ್ದವರು ಮೊದಲು ಗೌಡನ ಕಡೆಯವರನ್ನು ನೋಡುತ್ತಿದ್ದರು, ಆಮೇಲೆ ಉಳಿದವರನ್ನು. ಈ ವೈದ್ಯ ಅದನ್ನು ನಿಲ್ಲಿಸಿದ. ಬಂದವರು ಜಗಲಿಯ ಮುಂದೆ ತಮ್ಮ ಮೆಟ್ಟು ಬಿಟ್ಟು ಹೊಂಗೆ ಮರದ ನೆರಳಲ್ಲಿ ಕೂರಬೇಕು. ಮೆಟ್ಟು ಯಾವ ಸಾಲಿನಲ್ಲಿ ಬಿದ್ದಿದೆಯೋ ಅದೇ ಸರದಿ. ವೈದ್ಯ ಹೊರಗೆ ಬಂದು ಮುಂದಿನ ಜೋಡನ್ನು ಕೋಲಿನಿಂದ ಮುಟ್ಟುತ್ತಿದ್ದ. ಅದರ ಒಡೆಯ ಎದ್ದು ಒಳಗೆ ಹೋಗುತ್ತಿದ್ದ. ಗೌಡನ ಜರಿಯ ಜೋಡು, ಒಕ್ಕಲಿನವನ ಹರಿದ ಜೋಡು, ಎರಡೂ ಒಂದೇ ಸಾಲಿನಲ್ಲಿ. ಊರೆಲ್ಲ ಕೊಂಡಾಡಿತು. ತಾನು ಮುಖ ನೋಡುವವನಲ್ಲವೆಂದು ವೈದ್ಯನೂ ಆಗಾಗ ಹೇಳಿಕೊಳ್ಳುತ್ತಿದ್ದ. ಹೇಳಿಕೊಳ್ಳಲಿ ಬಿಡು, ಅವನು ಮಾಡಿದ್ದು ಸಣ್ಣ ಕೆಲಸವಲ್ಲ.

ಒಂದು ದಿನ ಜೇನು ಕೀಳುವವರ ಹಾಡಿಯಿಂದ ಒಬ್ಬ ಹೆಂಗಸು ಬಂದಳು. ಸೊಂಟದಲ್ಲಿ ಎರಡು ವರ್ಷದ ಮಗಳು. ಕೈಯಲ್ಲಿ ವೈದ್ಯನಿಗೆ ಕೊಡಲು ತಂದ ಒಂದು ಸೋರೆಬುರುಡೆ ಜೇನು. ಮಗು ಉಸಿರೆಳೆದಾಗಲೆಲ್ಲ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು. ದಾರಿಯುದ್ದಕ್ಕೂ ಅವಳು ಆ ಗುಳಿಯನ್ನೇ ನೋಡುತ್ತ ಬಂದಿದ್ದಳು. ಅದು ಏಳುವುದು ಸ್ವಲ್ಪ ತಡವಾದರೆ ಅವಳ ಕಾಲು ನಿಂತುಬಿಡುತ್ತಿತ್ತು.

ಅವಳು ಬಂದಾಗ ಜಗಲಿಯ ಮುಂದೆ ಹನ್ನೊಂದು ಜೋಡು ಮೆಟ್ಟು. ಏನು ಮಾಡಬೇಕೆಂದು ಮರದಡಿಯ ಒಬ್ಬ ವರ್ತಕನನ್ನು ಕೇಳಿದಳು. ಮೆಟ್ಟು ಬಿಟ್ಟು ಬಂದು ಕೂರುವಂತೆ ಅವನು ಮರ್ಯಾದೆಯಿಂದಲೇ ಹೇಳಿದ. ಅವಳು ತನ್ನ ಕಾಲು ನೋಡಿಕೊಂಡಳು. ಮರ ಹತ್ತುವ ಕಾಲಿಗೆ ಮೆಟ್ಟು ಬೇಕಿಲ್ಲ. ಅದೂ ಅಲ್ಲದೆ, ಹಾಡಿಯವರು ಆ ಬೀದಿಯಲ್ಲಿ ಮೆಟ್ಟು ಮೆಟ್ಟಿ ನಡೆಯಕೂಡದೆಂದು ಹಿಂದೆ ಯಾರೋ ಕಟ್ಟು ಮಾಡಿದ್ದರು. ಮಾಡಿದವರು ಸತ್ತು ಎಷ್ಟೋ ಕಾಲವಾಗಿತ್ತು, ಕಟ್ಟು ಸತ್ತಿರಲಿಲ್ಲ. ವೈದ್ಯನಿಗೆ ಅದು ಗೊತ್ತೇ ಇರಲಿಲ್ಲ. ಅವಳಿಗೆ ಮಾತ್ರ ಹುಟ್ಟಿದಾಗಿನಿಂದ ಗೊತ್ತಿತ್ತು.

ಅವಳು ಒಂದು ಕಲ್ಲು ತಂದು ಸಾಲಿನ ಕೊನೆಗೆ ಇಟ್ಟಳು. ಆಮೇಲೆ ಬಂದ ಮುದುಕನೊಬ್ಬ, ಯಾರಾದರೂ ಎಡವಿಯಾರೆಂದು ಅದನ್ನು ಕಾಲಿನಿಂದ ಸರಿಸಿ ತನ್ನ ಮೆಟ್ಟು ಬಿಟ್ಟ. ಅವಳು ಜೇನಿನ ಬುರುಡೆ ಇಟ್ಟಳು. ಯಾರೋ ಮರೆತು ಹೋಗಿದ್ದಾರೆಂದು ಒಬ್ಬಳು ಅದನ್ನೆತ್ತಿ ಜಗಲಿಯ ಮೇಲೆ ಜೋಪಾನವಾಗಿಟ್ಟಳು. ಯಾರಲ್ಲೂ ಕೆಟ್ಟತನವಿರಲಿಲ್ಲ. ಮಗುವಿನ ತುಟಿ ಕಪ್ಪಿಡುತ್ತಿತ್ತು. ಅವಳು ಕೊನೆಗೆ ತಾನೇ ಹೋಗಿ ಆ ಮೆಟ್ಟುಗಳ ಸಾಲಿನಲ್ಲಿ, ಬಿಸಿಲಿನಲ್ಲಿ, ಬರಿಗಾಲಿನಲ್ಲಿ ಬಹಳ ಹೊತ್ತು ನಿಂತಳು.

ಮರದಡಿ ಕೂತವರು ನಕ್ಕರು. ವರ್ತಕ ತಿಳಿಹೇಳುವವನಂತೆ ಹೇಳಿದ, “ಇಲ್ಲಿ ಸಾಲಲ್ಲಿ ನಿಲ್ಲೋದು ಮೆಟ್ಟು ಕಣಮ್ಮ, ಮನುಷ್ಯರಲ್ಲ. ಈಚೆ ಬಾ.”

ಅವಳು ಈಚೆ ಬಂದಳು. ವೈದ್ಯ ಹೊರಗೆ ಬಂದಾಗಲೆಲ್ಲ ಅವಳು ಎರಡು ಹೆಜ್ಜೆ ಮುಂದೆ ಹೋದಳು, ಅವನು ಒಳಗೆ ತಿರುಗಿದಾಗ ಹಿಂದೆ ಸರಿದಳು. ಅವನ ಕಣ್ಣು ಕೋಲಿನ ತುದಿಯಲ್ಲಿತ್ತು. ಒಂದೊಂದೇ ಜೋಡು ಎದ್ದು ಹೋಯಿತು. ಕೊನೆಯ ಜೋಡೂ ಹೋದಾಗ ವೈದ್ಯ ಖಾಲಿ ನೆಲ ನೋಡಿ, ಇವತ್ತೂ ಯಾರನ್ನೂ ಬಿಡದೆ ನೋಡಿದೆನೆಂದು ನೆಮ್ಮದಿಯಿಂದ ಬಾಗಿಲು ಹಾಕಿಕೊಂಡ. ಹಾಡಿಯ ಗುಡಿಸಲುಗಳಿಗೆ ಬಾಗಿಲಿರುವುದಿಲ್ಲ. ಮುಚ್ಚಿದ ಬಾಗಿಲು ತಟ್ಟುವುದು ಅವಳಿಗೆ ಬರುತ್ತಿರಲಿಲ್ಲ. ಮಗುವನ್ನು ಎದೆಗೆ ಒತ್ತಿಕೊಂಡು ಬಂದ ದಾರಿಯಲ್ಲೇ ತಿರುಗಿದಳು.

ಊಟ ಮುಗಿಸಿ ಕೈ ತೊಳೆಯಲು ಬಂದ ವೈದ್ಯನಿಗೆ ಜಗಲಿಯ ಮೇಲೆ ಬುರುಡೆ ಕಂಡಿತು. ಕೆಳಗೆ, ಸಾಲಿನ ಕೊನೆಯಲ್ಲಿ, ಧೂಳಿನಲ್ಲಿ ಎರಡು ಬರಿಗಾಲಿನ ಗುರುತು. ಬಹಳ ಹೊತ್ತು ಒಂದೇ ಕಡೆ ನಿಂತ ಕಾಲು. ಮದ್ದು ಕಟ್ಟಿಸಿಕೊಂಡು ನೆರಳಲ್ಲಿ ಅಡ್ಡಾಗಿದ್ದ ವರ್ತಕನನ್ನು ಕೇಳಿದ. ವರ್ತಕ ತಮಾಷೆಯ ಸಂಗತಿಯೆಂಬಂತೆ ಎಲ್ಲವನ್ನೂ ಹೇಳಿದ. ಮಗು ಉಸಿರಾಡುತ್ತಿದ್ದ ರೀತಿಯನ್ನೂ ಹೇಳಿದ. ಅಂಥ ಉಸಿರಿಗೆ ಸಂಜೆಯವರೆಗೆ ಕಾಲವಿಲ್ಲವೆಂದು ವೈದ್ಯನಿಗೆ ಗೊತ್ತಿತ್ತು. ಮದ್ದಿನ ಚೀಲ ಹಿಡಿದು ಓಡಿದ. ಮೆಟ್ಟು ಹಾಕಿಕೊಳ್ಳಲು ನೆನಪಾಗಲಿಲ್ಲ.

ಹಳ್ಳದ ದಂಡೆಯಲ್ಲಿ ಅವಳು ಕೂತಿದ್ದಳು. ಪಕ್ಕೆಯ ಗುಳಿ ಈಗ ಬೀಳುವುದೂ ಏಳುವುದೂ ತೀರ ನಿಧಾನವಾಗಿತ್ತು. ವೈದ್ಯ ಮದ್ದು ಅರೆದು ನಾಲಗೆಗೆ ಹಚ್ಚಿದ, ಎದೆ ಬೆನ್ನು ತಿಕ್ಕಿದ, ಮಗುವನ್ನು ತನ್ನ ಹೆಗಲಿಗೇರಿಸಿ ನೆಟ್ಟಗೆ ಕೂರಿಸಿಕೊಂಡ. ಬಿಸಿಲು ಇಳಿಯುವವರೆಗೂ ಬೆನ್ನು ತಿಕ್ಕುತ್ತಲೇ ಇದ್ದ. ಆಮೇಲೆ ಮಗು ಕೆಮ್ಮಿ ಅತ್ತಿತು.

ಆಗ ವೈದ್ಯ ಕೇಳಿದ. ಯಾರಾದರೂ ಬೈದರೇ? ಯಾರಾದರೂ ತಳ್ಳಿದರೇ?

“ಯಾರೂ ಏನೂ ಅನ್ನಲಿಲ್ಲ, ಸ್ವಾಮಿ,” ಎಂದಳು ಅವಳು. “ಎಲ್ಲರಿಗೂ ಒಂದೇ ಸಾಲು ಮಾಡಿದ್ರಿ. ಅದ್ರಲ್ಲಿ ಇಡಕ್ಕೆ ನನ್ನತ್ರ ಏನೂ ಇರಲಿಲ್ಲ.”

ವೈದ್ಯ ಮುಳ್ಳು ಚುಚ್ಚಿದ ತನ್ನ ಕಾಲುಗಳನ್ನು ನೋಡುತ್ತ ಕೂತ. ಮರುದಿನದಿಂದ ಅವನು ಕೋಲು ಹಿಡಿಯಲಿಲ್ಲ. ಬಾಗಿಲು ತೆರೆಯುವ ಮೊದಲು ಮರದಡಿಗೆ, ಮರದಾಚೆಯ ಬಿಸಿಲಿಗೆ, ಬೀದಿಯ ತಿರುವಿನವರೆಗೂ ತಾನೇ ಹೋಗಿ ಒಬ್ಬೊಬ್ಬರ ಉಸಿರು ನೋಡಿ ಬರುತ್ತಿದ್ದ. ಎಲ್ಲರಿಗೂ ಒಂದೇ ಎಂಬ ನ್ಯಾಯ ಕೆಟ್ಟಿತೆಂದು ಊರವರು ಗೊಣಗಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಉದ್ದಾನಯ್ಯ ಒಂದು ದೊಡ್ಡ ಉಸಿರು ಬಿಟ್ಟ. ಆ ಮಗುವಾದರೂ ಉಳಿಯಿತಲ್ಲ ಎಂದು ಅವನ ಕಣ್ಣು ತುಂಬಿತ್ತು. ಬೀದಿಯಲ್ಲಿ ಅಂಥ ಕಟ್ಟು ಮಾಡಿದವರು ಎಂಥ ಜನವೋ, ಎದುರಿಗೇ ನಿಂತವಳನ್ನು ಕಾಣದ ಆ ವೈದ್ಯ ಎಂಥ ಕುರುಡನೋ ಎಂದು ನೊಂದುಕೊಂಡು ಹೇಳಿದ.

ಗುರುಗಳು ಅವನ ಕೈ ನೋಡಿದರು.

“ನಿನ್ನ ಆಸ್ಪತ್ರೆಯ ಸಾಲಿಗೆ ಏನಿಡಬೇಕು, ಉದ್ದಾನಯ್ಯ?”

ಉದ್ದಾನಯ್ಯ ಕೈಯಲ್ಲಿದ್ದ ಫೋನನ್ನು ಮೆಲ್ಲಗೆ ನೆಲದ ಮೇಲಿಟ್ಟ.