ಕೊಲೊನೆಲ್ ಅಂದ ಜವಾನ

ನಮ್ಮೂರ ವಾಚನಾಲಯದ ಜವಾನ ಶಿವಪುತ್ರಪ್ಪ ಇಂಗ್ಲಿಷನ್ನು ಕಿವಿಯಿಂದ ಕಲಿತವನಲ್ಲ, ಕಣ್ಣಿಂದ ಕಲಿತವನು. ಕಪಾಟಿನ ಧೂಳು ಒರೆಸುತ್ತ ಒಂದೊಂದೇ ಪುಸ್ತಕ ಓದಿ ಮುಗಿಸಿದ್ದ.

ಅವತ್ತು ವಾರ್ಷಿಕ ಸಭೆ. ಅಧ್ಯಕ್ಷ ಇನಾಮದಾರ ಸಾಹೇಬರು ಒಂದು ಕಾದಂಬರಿ ತರಲು ಹೇಳಿದರು.

"ಆ ಕೊಲೊನೆಲ್‌ನ ಕತೀನೇನ್ರಿ?" ಅಂದ ಶಿವಪುತ್ರಪ್ಪ.

ಸಾಹೇಬರು ಮೇಜು ಗುದ್ದಿದರು. "ಕರ್ನಲ್ ಅನ್ನಲೇ, ಕರ್ನಲ್! ನಾ ಪುಣೆದಾಗ ಗೋರಾ ಮಾಸ್ತರ ಕಡೆ ಕಲಿತಾವ. ಇಂಗ್ಲಿಷ್ ಕಪಾಟಿನ ಕೀಲಿ ಇಲ್ಲಿಡು! ನಾ ಓದಿ ಮುಗಿಸಿ ದಾನ ಕೊಟ್ಟ ಪುಸ್ತಕ ಮುಟ್ಟೋ ಯೋಗ್ಯತಾ ನಿನಗಿಲ್ಲ!"

ಸಭೆ ಗೊಳ್ಳೆಂದು ನಕ್ಕಿತು. ಶಿವಪುತ್ರಪ್ಪ ಸೊಂಟದ ಕೀಲಿ ಬಿಚ್ಚಿದ. ಕೀಲಿ ಹೋದರೆ ಓದೂ ಹೋಯಿತಲ್ಲ! ಆದರೂ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟ. ಆಮೇಲೆ ಓಡಿಹೋಗಿ, ಸಾಹೇಬರು ಹೋದ ವಾರವಷ್ಟೇ ದಾನ ಕೊಟ್ಟಿದ್ದ, ಇನ್ನೂ ಕಪಾಟು ಸೇರದ ದಪ್ಪ ಪುಸ್ತಕವೊಂದನ್ನು ತಂದು ಅವರ ಕೈಗಿತ್ತ.

"ತಪ್ಪಾತ್ರಿ ಸಾಹೇಬ್ರ. ಇದರಾಗ ನಿಮಗ ಭಾಳ ಸೇರಿದ ಒಂದು ಪುಟ ಓದ್ರಿ. ಕೇಳಿ ಕಲೀತೀನಿ."

ಸಾಹೇಬರು ಠೀವಿಯಿಂದ ನಡುವಿನ ಪುಟಕ್ಕೆ ಕೈಹಾಕಿದರು. ಹಾಳಿ ಬಿಚ್ಚಲೊಲ್ಲದು! ಹಳೇ ವಿಲಾಯತಿ ಪುಸ್ತಕ ಅದು. ಅಂಚು ಕೂಡಿಕೊಂಡೇ ಬರುವ ಅದರ ಹಾಳಿಗಳನ್ನು ಓದುವವನೇ ಚಾಕುವಿನಿಂದ ಕೊಯ್ದು ಬಿಡಿಸಿಕೊಳ್ಳಬೇಕು. ಇದರಲ್ಲಿ ಒಂದು ಹಾಳಿಗೂ ಚಾಕು ತಾಗಿರಲಿಲ್ಲ. ಮುಂದಿನ ಸಾಲಿನವರು ಎದ್ದು ನಿಂತು ಇಣುಕಿದರು. ಸಾಹೇಬರ ಕಿವಿ ಕೆಂಪಾದವು.

ಶಿವಪುತ್ರಪ್ಪ ಜೇಬಿನಿಂದ ತನ್ನ ಸವೆದ ಚಾಕು ತೆಗೆದ.

"ಹಾಳಿ ನಾ ಬಿಡಿಸಿಕೊಡ್ತೀನ್ರಿ ಸಾಹೇಬ್ರ. ಉಚ್ಚಾರ ನೀವು ಹೇಳಿಕೊಡ್ರಿ."

ಸಾಹೇಬರು ಕೀಲಿಗೊಂಚಲನ್ನು ಮೆಲ್ಲಗೆ ಅವನ ಕಡೆ ಸರಿಸಿದರು.