ಬೇರು ಕೇಳಿದ ಕಟ್ಟೆ

ಗುಂಡಿನಪೇಟೆಯ ಸಂತೆಬಯಲು ದಾಟಿ ಕೆರೆಯ ಏರಿಯ ಕಡೆಗೆ ಹೊರಳಿದರೆ ಎಡಕ್ಕೆ ಒಂದು ಹಳೆಯ ಬೇವಿನಮರ, ಅದರ ಬುಡಕ್ಕೆ ಕಲ್ಲುಕಟ್ಟೆ, ಕಟ್ಟೆಯ ಮುಂದೆ ದನಗಳಿಗೆ ನೀರು ಕುಡಿಸುವಂಥ ಒಂದು ಕಲ್ಲಿನ ಬಾನಿ ಕಾಣುತ್ತವೆ. ಗುಡಿಯಲ್ಲ, ಗದ್ದುಗೆಯಲ್ಲ, ಎಣ್ಣೆದೀಪವೂ ಇಲ್ಲ. ಆದರೂ ದಾರಿ ಕೇಳಿದವರಿಗೆ ಊರಿನವರು ಮೊದಲು ಹೇಳುವ ಗುರುತು ಇದೇ, ಬೇರು ಕೇಳಿದ ಕಟ್ಟೆ. ಕಟ್ಟೆಗೆ ತಾಗಿದ ಅರಳೆ ಮಂಡಿಯ ಮುಂಗೋಣೆಯಲ್ಲಿ ಈಗ ಊರಿನ ವಂಶಾವಳಿ ಸಂಘ ನಡೆಯುತ್ತದೆ. ಸೊಲ್ಲಾಪುರದಿಂದ, ಮುಂಬಯಿಯಿಂದ, ಇನ್ನೂ ದೂರದಿಂದ ಜನ ಬರುತ್ತಾರೆ; ಮುತ್ತಜ್ಜ ಯಾವ ಓಣಿಯವನು, ಮನೆತನಕ್ಕೆ ಈ ಹೆಸರು ಹೇಗೆ ಬಂತು ಎಂದು ವಿಚಾರಿಸುತ್ತಾರೆ. ಸಂಘದಲ್ಲಿರುವವರು ಹೆಚ್ಚಾಗಿ ಅಂಗಡಿಕಾರರೇ. ವಂಶ ಹೇಳುವ ಹೆಳವರನ್ನು ಸುತ್ತಲ ಹಳ್ಳಿಗಳಿಂದ ಕರೆಸುವುದು, ಹಳೆಯ ಮನೆಗಳನ್ನು ತೋರಿಸುವುದು, ಬಂಧುಗಳನ್ನು ಹುಡುಕಿಕೊಡುವುದು ಅವರ ಕೆಲಸ. ಆದರೆ ಕೆಲಸಕ್ಕೆ ಕೈ ಹಾಕುವ ಮುನ್ನ ಬಂದವರನ್ನು ಈ ಕಟ್ಟೆಯ ಮೇಲೆ ಕೂರಿಸಿ, “ಅಜ್ಜನವರೆಗೆ ಸಾಕೋ, ಬೇರಿನವರೆಗೆ ಬೇಕೋ?” ಎಂದು ಕೇಳುವುದು ವಾಡಿಕೆ. ಬಂದವರು ನಕ್ಕು, ಬೇರಿನವರೆಗೆ ಎನ್ನುತ್ತಾರೆ. ಆಗ ಹಿರಿಯರು ಚಹಾ ತರಿಸಿ ಈ ಕಥೆ ಹೇಳುತ್ತಾರೆ. ಕಥೆ ಮುಗಿದ ಮೇಲೆ ಉತ್ತರ ಬದಲಿಸಿದವರೂ ಉಂಟು.

ಹಿಂದೆ, ಈ ಪೇಟೆಗೆ ಬಂಡಿದಾರಿ ಕೂಡ ಇಲ್ಲದೆ ಸರಕೆಲ್ಲ ಹೇರೆತ್ತುಗಳ ಬೆನ್ನ ಮೇಲೆ ಬರುತ್ತಿದ್ದ ಕಾಲದಲ್ಲಿ, ಉಪ್ಪಿನವರು ಎಂಬ ಮನೆತನ ಇಲ್ಲಿ ಬಲವಾಗಿತ್ತು ಎನ್ನುತ್ತಾರೆ. ಘಟ್ಟ ಹತ್ತಿ ಬಂದ ಕಡಲಿನ ಉಪ್ಪು ಮೊದಲು ಇಳಿಯುತ್ತಿದ್ದದ್ದು ಅವರ ಅಂಗಳದಲ್ಲಿ. ಮನೆತನ ಎರಡು ಕವಲಾಗಿತ್ತು. ಒಂದಕ್ಕೆ ಅಡಿವೆಪ್ಪ ಹಿರಿಯ, ಇನ್ನೊಂದಕ್ಕೆ ಅವನ ಚಿಕ್ಕಪ್ಪನ ಮಗ ವಿರುಪಣ್ಣ. ಅಡಿವೆಪ್ಪನಿಗೂ ಅವನ ಹೆಂಡತಿ ಹಂಪವ್ವನಿಗೂ ಮಕ್ಕಳಾಗಲಿಲ್ಲ. ಬರದ ವರ್ಷವೊಂದರಲ್ಲಿ ಹೇರಿನೊಂದಿಗೆ ಮರಳುತ್ತಿದ್ದ ಅಡಿವೆಪ್ಪ ಹಾಳುಮಂಟಪದಲ್ಲಿ ಅಳುತ್ತಿದ್ದ ಗಂಡುಕೂಸೊಂದನ್ನು ಎತ್ತಿಕೊಂಡು ಬಂದ. ಮಲ್ಲೇಶ ಎಂದು ಹೆಸರಿಟ್ಟು ಬೆಳೆಸಿದರು. ಹುಡುಗ ದೊಡ್ಡವನಾಗಿ ಹೇರೆತ್ತುಗಳ ಸಾಲನ್ನು ತಾನೇ ಘಟ್ಟ ಇಳಿಸಿ ಹತ್ತಿಸುವಷ್ಟಾದ. ಅವನ ಹುಟ್ಟು ಊರಿಗೆಲ್ಲ ಗೊತ್ತಿತ್ತು; ಅಡಿವೆಪ್ಪ ಇರುವ ತನಕ ಯಾರೂ ತುಟಿ ಬಿಚ್ಚಲಿಲ್ಲ. ಉಪ್ಪು ಅಳೆದು ಕೊಡುವ ಕೈಯ ಎದುರಿಗೆ ನಿಂತು ಅಂಥ ಮಾತು ಯಾರು ತೆಗೆಯುತ್ತಾರೆ?

ಅಡಿವೆಪ್ಪ ತೀರಿಕೊಂಡದ್ದೇ ತಡ, ವಿರುಪಣ್ಣ ತೆಗೆದ. ಬೀದಿಯ ಕೂಸಿಗೆ ಉಪ್ಪಿನವರ ಅಂಗಳ ಸೇರಕೂಡದು, ಗಂಡುದಿಕ್ಕಿಲ್ಲದ ಮನೆ ತನ್ನ ಕವಲಿಗೇ ಬರಬೇಕು ಎಂದು ಪಂಚರ ಮುಂದೆ ಕೂತ. ಪಂಚರಿಗೆ ಎರಡೂ ಕಡೆಯ ಉಪ್ಪು ಬೇಕಾಗಿತ್ತು. ಹಾಗಾಗಿ ಅವರು ಜಾಣತನದ ತೀರ್ಮಾನ ಕೊಟ್ಟರು: ಸುಗ್ಗಿಯ ನಂತರ ಹೆಳವರ ಕೆಂಚಪ್ಪ ಬರುತ್ತಾನೆ, ಅವನ ಬಾಯಲ್ಲಿ ಮಲ್ಲೇಶನ ಹೆಸರು ವಂಶದೊಳಗೆ ನಿಂತರೆ ಅವನು ಮನೆಮಗ, ನಿಲ್ಲದಿದ್ದರೆ ಉಟ್ಟ ಬಟ್ಟೆಯಲ್ಲಿ ಊರು ಬಿಡಬೇಕು.

ಹೆಳವರೆಂದರೆ ಎತ್ತಿನ ಮೇಲೆ ಊರೂರು ತಿರುಗಿ ಒಕ್ಕಲುಮನೆಗಳ ವಂಶ ಹಾಡಿ ಹೇಳುವವರು. ವಂಶ ಹೇಳುವಾಗ ಹೆಳವ ಎತ್ತಿನಿಂದ ಇಳಿಯುವಂತಿಲ್ಲ. ಇರುವವರ ಹೆಸರಿನಿಂದ ಶುರುಮಾಡಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೇಲಕ್ಕೆ ಹೋಗುತ್ತಾನೆ. ಒಂದೊಂದು ಹೆಸರಿಗೂ ಮನೆಯವರು ಬಾನಿಗೆ ಒಂದು ಹಿಡಿ ಜೋಳ ಹಾಕಬೇಕು, ಅದು ಒಪ್ಪಿಗೆ. ಹೊಸ ಹೆಸರು ಸೇರುವುದಾದರೆ ಎಲ್ಲ ಕವಲುಗಳ ಜೋಳವೂ ಬೀಳಬೇಕು. ಬೀಳದಿದ್ದರೆ ಹೆಳವ ಎತ್ತಿನ ಮುಖ ತಿರುಗಿಸಿಕೊಂಡು ಹೊರಡುತ್ತಾನೆ, ಆ ಹೆಸರು ಅಲ್ಲಿಗೆ ಮುಗಿಯಿತು. ಮನೆತನದ ಮೊಟ್ಟಮೊದಲ ಹೆಸರಿಗೆ ಬೇರು ಎನ್ನುತ್ತಿದ್ದರು. ಅದನ್ನು ಎಲ್ಲ ಕವಲಿನವರೂ ಕೂಡಿ ಕೇಳಿದರೆ ಮಾತ್ರ ಹೇಳುವ ಕಟ್ಟಳೆ. ಸಾಮಾನ್ಯವಾಗಿ ಯಾರೂ ಕೇಳುತ್ತಿರಲಿಲ್ಲ. ಮುತ್ತಜ್ಜನ ಹೆಸರು ಬರುವ ಹೊತ್ತಿಗೆ ಒಳಗಿಂದ ಸಾರಿನ ವಾಸನೆ ಬಂದು ಜನ ಎದ್ದುಬಿಡುತ್ತಿದ್ದರು.

ಕೆಂಚಪ್ಪ ಬಂದು ಕೆರೆಯ ಏರಿಯ ಕೆಳಗೆ ಬಿಡಾರ ಹೂಡಿದ ದಿನವೇ ಹಂಪವ್ವ ಅಲ್ಲಿಗೆ ಹೋದಳು. ಗಂಡ ಸತ್ತ ಮೇಲೆ ಅಂಗಡಿಯ ತಕ್ಕಡಿ ಹಿಡಿದವಳು ಅವಳೇ. ಬೆಲೆ ಕೇಳದೆ ಯಾವ ಸರಕನ್ನೂ ಮುಟ್ಟುವ ಹೆಂಗಸಲ್ಲ. ಅವಳಿಗಿಂತ ಮೊದಲೇ ವಿರುಪಣ್ಣ ಬಂದು ಹೋಗಿದ್ದನೆಂಬುದಕ್ಕೆ ಬಿಡಾರದ ಹಿಂದೆ ಕಟ್ಟಿದ್ದ ಹೊಸ ಹೋರಿಯೇ ಸಾಕ್ಷಿಯಾಗಿತ್ತು.

“ಹೋರಿ ಚೊಲೋ ಐತಿ, ಕೆಂಚಪ್ಪ,” ಎಂದಳು.

“ನಾಳೆ ಹೊಡಕೊಂಡು ಹೋಗಾಕ ಹೇಳೀನವ್ವ. ಕಟ್ಟಿ ಹೋದ್ರು, ಬಿಚ್ಚಾಕ ನನಗ ಕಾಲಿಲ್ಲ,” ಎಂದು ಅವನು ತನ್ನ ಊನವಾದ ಕಾಲು ತೋರಿಸಿ ನಕ್ಕ. ಆಮೇಲೆ ನಗೆ ಬಿಟ್ಟು ಹೇಳಿದ: “ನೀನೂ ಏನೂ ತರಬ್ಯಾಡ. ಹೆಸರು ನಾನು ಹೇಳತೀನಿ. ಜೋಳ ಹಾಕೋದು ಬಿಡೋದು ನಿಮ್ಮ ಕೈಯಾಗ.”

“ಅವನು ಹಾಕೋದಿಲ್ಲ.”

“ಹಂಗಾದ್ರ ಎತ್ತು ತಿರಗತೈತಿ, ತಾಯಿ.”

ಹಂಪವ್ವ ಬರಿಗೈಯಲ್ಲಿ ಮನೆಗೆ ಬಂದಳು. ಅಂಗಳದಲ್ಲಿ ಮಲ್ಲೇಶ ತನ್ನ ಕಂಬಳಿ ಒಂದನ್ನೇ ಮಡಿಸಿ ಗಂಟು ಕಟ್ಟಿಟ್ಟಿದ್ದ. ಅವಳು ಅದನ್ನು ನೋಡಿಯೂ ನೋಡದವಳಂತೆ ಒಳಗೆ ಹೋದಳು ಎನ್ನುತ್ತಾರೆ.

ಮರುದಿನ ಈ ಬೇವಿನ ಕೆಳಗೆ ಊರಿಗೆ ಊರೇ ನೆರೆಯಿತು. ವಿರುಪಣ್ಣ ಮಗಳ ಸಂಬಂಧಕ್ಕೆ ಬಂದಿದ್ದ ಬೀಗರನ್ನೂ ಕರೆತಂದು ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದ್ದ. ತನ್ನ ಕುಲ ಎಂಥದೆಂದು ಅವರೂ ಕಿವಿಯಾರೆ ಕೇಳಲಿ ಎಂಬುದು ಅವನ ಲೆಕ್ಕಾಚಾರ. ಬಿಸಿಲು ನೆತ್ತಿಗೇರಿತ್ತು. ಕೆಂಚಪ್ಪ ಎತ್ತನ್ನು ಬಾನಿಯ ಮುಂದೆ ನಿಲ್ಲಿಸಿ, ಕಣ್ಣು ಮುಚ್ಚಿ, ಮೊದಲ ಹೆಸರನ್ನೇ ಎತ್ತಿದ: “ಅಡಿವೆಪ್ಪನ ಮನೆಯ ಮಲ್ಲೇಶ.” ಹಂಪವ್ವ ಸೆರಗಿನಿಂದ ಒಂದು ಹಿಡಿ ಜೋಳ ತೆಗೆದು ಬಾನಿಗೆ ಹಾಕಿದಳು. ಕಲ್ಲಿಗೆ ಕಾಳು ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ವಿರುಪಣ್ಣನ ಮುಷ್ಟಿ ಮುಚ್ಚಿಯೇ ಇತ್ತು. ಎತ್ತು ಬಾನಿಗೆ ಮೂತಿ ಇಡಲು ಹೋಯಿತು; ಕೆಂಚಪ್ಪ ಹಗ್ಗ ಜಗ್ಗಿ ತಡೆದ. ಇನ್ನು ಹಗ್ಗ ಹೊರಳಿಸುವುದೊಂದೇ ಉಳಿದಿತ್ತು.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ವಿರುಪಣ್ಣ ಗೆದ್ದಿದ್ದ. ಆದರೆ ಚೌಕಾಸಿಯಲ್ಲಿ ಗೆದ್ದ ಮಾಲಿನ ಮೇಲೆ ಇನ್ನಷ್ಟು ಜಗ್ಗಿ ನೋಡುವ ಚಟ ಕೆಲವರಿಗೆ ಇರುತ್ತದೆ. ಅವನು ಬೀಗರ ಕಡೆ ತಿರುಗಿ ದನಿ ಏರಿಸಿದ.

“ತಡಿ ಹೆಳವಯ್ಯ, ಇಷ್ಟಕ್ಕ ಹೊರಡಬ್ಯಾಡ. ನಮ್ಮ ಮನಿತನ ಬೇರಿನಿಂದ ಹೇಳು. ನಮ್ಮ ರಕ್ತ ಎಂಥದಂತ ಊರು ಕೇಳಲಿ. ಅದರ ಕೆಳಗ ಈ ಮಂಟಪದ ಕೂಸಿನ ಹೆಸರು ಹೆಂಗ ಕಾಣತೈತಿ ಅಂತ ಅವರೇ ಹೇಳಲಿ.”

“ಬ್ಯಾಡ ಯಜಮಾನ. ಊಟದ ಹೊತ್ತಾತು.”

ಜನ ನಕ್ಕರು. ವಿರುಪಣ್ಣನೂ ನಕ್ಕ. “ಊಟ ಎಲ್ಲಿಗೂ ಓಡಿ ಹೋಗೂದಿಲ್ಲ. ಯಾಕ, ಮರತೀಯೇನು?”

“ಮರತಿದ್ರ ಚೊಲೋ ಇತ್ತು,” ಎಂದ ಕೆಂಚಪ್ಪ. ಅವನು ನಗಲಿಲ್ಲ. “ಬೇರು ಕೇಳೂದಾದ್ರ ಎರಡೂ ಮನಿಯವರು ಕೇಳಬೇಕು.”

ಎಲ್ಲರ ಕಣ್ಣೂ ಹಂಪವ್ವನ ಮೇಲೆ ಬಿದ್ದವು. ಅತ್ತಿಗೆವ್ವನಿಗೆ ಧೈರ್ಯ ಬರುವುದಿಲ್ಲ ಬಿಡಿ ಎಂದು ವಿರುಪಣ್ಣ ಕೊಂಕು ನುಡಿದ. ಹಂಪವ್ವನಿಗೆ ಆ ಬೇರು ಯಾವುದೆಂದು ಗೊತ್ತಿರಲಿಲ್ಲ. ಬೇರೆ ಮನೆಯಿಂದ ಬಂದ ಸೊಸೆಗೆ ಗೊತ್ತಿರುವುದಾದರೂ ಹೇಗೆ? ಅಲ್ಲಿ ದೊರೆಯ ಹೆಸರೊಂದು ಹೊರಬಿದ್ದರೆ ಮಲ್ಲೇಶ ಇನ್ನಷ್ಟು ಕೆಳಗೆ ಬೀಳುತ್ತಾನೆ. ಬೇಡ ಎಂದರೆ ಎತ್ತು ಈಗಲೇ ತಿರುಗುತ್ತದೆ. ಅವಳು ಕೆಂಚಪ್ಪನ ಮುಖ ನೋಡಿದಳು. ಉಪ್ಪಿನ ಚೀಲದ ತಳದಲ್ಲಿ ನೀರಿದ್ದಾಗ ಮಾರುವವನ ಕೈ ಚೀಲದ ಬಾಯಿ ಬಿಟ್ಟು ಸರಿಯುವುದಿಲ್ಲ, ಕಣ್ಣು ಮಾತ್ರ ಯಾರಿಗೆ ನಷ್ಟವೋ ಅವರ ಕಡೆಗೇ ಹೊರಳುತ್ತದೆ. ಇಷ್ಟು ವರ್ಷ ಅಂಗಳದಲ್ಲಿ ಅವಳು ಕಂಡದ್ದು ಅದನ್ನೇ. ಕೆಂಚಪ್ಪನ ಕೈ ಎತ್ತಿನ ಭುಜದ ಹಿಣಿಲನ್ನು ಬಿಗಿಯಾಗಿ ಹಿಡಿದಿತ್ತು. ಅವನು ಮಲ್ಲೇಶನನ್ನು ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಮತ್ತೆ ಮತ್ತೆ ಅವನ ಕಣ್ಣು ಹೋದದ್ದು ವಿರುಪಣ್ಣನ ಕಡೆಗೆ, ಬೀಗರ ಕಡೆಗೆ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅಯ್ಯೋ ಎನ್ನುವಂಥದ್ದಿತ್ತು.

“ನಮ್ಮ ಮನಿಯಿಂದ ನಾನು ಕೇಳತೀನಿ,” ಎಂದಳು ಹಂಪವ್ವ. “ಬೇರಿನವರೆಗೂ ಹೇಳು.”

ಕೆಂಚಪ್ಪ ಮತ್ತೊಮ್ಮೆ ಕಣ್ಣು ಮುಚ್ಚಿದ. ಅಡಿವೆಪ್ಪನಿಂದ, ವಿರುಪಣ್ಣನಿಂದ ಮೇಲೇರಿ, ಎರಡು ಕವಲೂ ಕೂಡುವ ಅಜ್ಜನನ್ನು ದಾಟಿ ಮುತ್ತಜ್ಜನಿಗೆ ಬಂದ. ಅಲ್ಲಿಂದಾಚೆ ಯಾರೂ ಕೇಳಿರದ ಹೆಸರುಗಳು ಬಂದವು: ಕೆರೆಯ ತೂಬು ಕಟ್ಟಿಸಿದವನು, ಎರಡು ಮದುವೆಯಾದವನು, ಹಾವು ಕಡಿದು ಸತ್ತವನು. ಒಂದೊಂದು ಹೆಸರಿಗೂ ವಿರುಪಣ್ಣ ಉಬ್ಬಿಕೊಂಡು ಜೋಳ ಸುರಿದ. ಬಾನಿ ಅರ್ಧ ತುಂಬಿತು. ಮೇಲೆ ಮೇಲೆ ಹೋದ ಹಾಗೆ ಹೆಳವನ ದನಿ ತಗ್ಗುತ್ತಾ ಬಂತು. ಕೊನೆಗೆ ಅವನು ಹಾಡು ನಿಲ್ಲಿಸಿ ಬರೀ ಮಾತಿನಲ್ಲಿ ಹೇಳಿದ.

“ಇವರೆಲ್ಲರಿಗೂ ಮೂಲದವನು ಹೇರಪ್ಪ. ಉಪ್ಪಿನ ಹೇರಿನವರು ಈ ಬೇವಿನ ಬುಡಕ್ಕ ಬಿಟ್ಟು ಹೋದ ಕೂಸು. ತಾಯಿ ಯಾರೋ, ತಂದಿ ಯಾರೋ. ಎತ್ತಿಕೊಂಡಾಕಿ ಎಣ್ಣಿ ಮಾರೋ ಮುದುಕಿ. ಹೇರಿನವರು ಬಿಟ್ಟಿದ್ದಕ್ಕ ಹೇರಪ್ಪ ಅಂದ್ಲು. ಇದರಾಚಿಗೆ ನನ್ನ ಹತ್ರ ಹೆಸರಿಲ್ಲ.”

ಕಟ್ಟೆಯ ಮೇಲಿದ್ದ ಬೀಗರಲ್ಲಿ ಒಬ್ಬ ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡ. ವಿರುಪಣ್ಣ ಚಾಚಿದ ಕೈ ಚಾಚಿದಂತೆಯೇ ಇತ್ತು. ಸುಳ್ಳು ಎನ್ನುವಂತಿರಲಿಲ್ಲ, ಅಲ್ಲಿಯವರೆಗಿನ ಎಲ್ಲ ಹೆಸರಿಗೂ ಅವನೇ ಊರೆದುರು ಜೋಳ ಹಾಕಿದ್ದ, ಬೇರು ಹೇಳು ಎಂದವನೂ ಅವನೇ.

“ಈಗ ಹೇಳ್ರಪ್ಪ,” ಎಂದ ಕೆಂಚಪ್ಪ. “ಸಿಕ್ಕ ಕೂಸಿಗೆ ಈ ವಂಶದಾಗ ಜಾಗ ಐತೋ ಇಲ್ಲೋ? ಇಲ್ಲಂದ್ರ ಹೇರಪ್ಪನೂ ಹೋಗತಾನ. ಅವನು ಹೋದ್ರ ನಿಮ್ಮನ್ನೆಲ್ಲ ನಾನು ಎಲ್ಲಿಡಲಿ?”

ವಿರುಪಣ್ಣನ ಮುಖದ ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಪಂಚರು ನೆಲ ನೋಡುತ್ತಿದ್ದರು. ಮಲ್ಲೇಶ ಆಗಲೇ ಕಂಬಳಿಯ ಗಂಟು ಹೆಗಲಿಗೇರಿಸಿದ್ದ. ಹಂಪವ್ವ ಅವನ ತೋಳು ಹಿಡಿದಿದ್ದಳು. ವಿರುಪಣ್ಣ ಒಂದು ಹಿಡಿ ಜೋಳ ತೆಗೆದ. ಬಾನಿಯ ಹತ್ತಿರ ಹೋಗಲಿಲ್ಲ. ನಿಂತಲ್ಲಿಂದಲೇ ಅದನ್ನು ಎತ್ತಿನ ಕಾಲ ಬಳಿ ಮಣ್ಣಿಗೆ ಎಸೆದು, ಬೆನ್ನು ತಿರುಗಿಸಿ ನಡೆದುಬಿಟ್ಟ.

ಬಾನಿಗೆ ಬೀಳದ ಜೋಳ ಒಪ್ಪಿಗೆಯೋ ಅಲ್ಲವೋ ಎಂಬುದಕ್ಕೆ ಕಟ್ಟಳೆಯಲ್ಲಿ ಉತ್ತರವಿರಲಿಲ್ಲ. ಜನ ಕೆಂಚಪ್ಪನ ಕಡೆ ನೋಡಿದರು. ಅವನು ಹಗ್ಗ ಸಡಿಲ ಬಿಟ್ಟ. ಎತ್ತು ಬಾನಿಯ ಅಂಚು ಮೂಸಿ, ತಲೆ ತಗ್ಗಿಸಿ, ಮೊದಲು ಮಣ್ಣಿನಲ್ಲಿದ್ದ ಕಾಳನ್ನೇ ತಿಂದಿತು. ಅದು ಬಸವಣ್ಣನ ತೀರ್ಪು ಎಂದು ಗುಡಿಯ ಕಡೆಯವರು ಹೇಳುತ್ತಾರೆ. ಹತ್ತಿರದ ಕಾಳನ್ನು ಮೊದಲು ತಿನ್ನುವುದು ಎತ್ತಿನ ಸ್ವಭಾವ ಎಂದು ಪೇಟೆಯವರು ಹೇಳುತ್ತಾರೆ. ಎರಡರಲ್ಲಿ ಯಾವುದಾದರೂ ಆಗಲಿ, ಎತ್ತು ತಿಂದ ಜೋಳ ಬಾನಿಗೆ ಬಿದ್ದಂತೆಯೇ ಎನ್ನಲು ಪಂಚರಿಗೆ ಅಷ್ಟು ಸಾಕಾಯಿತು. ಮಲ್ಲೇಶ ಮನೆಮಗನಾದ.

ಅದರ ಬೆಲೆಯನ್ನು ಎರಡೂ ಮನೆಗಳು ತೆತ್ತವು. ವಿರುಪಣ್ಣನ ಮಗಳ ಸಂಬಂಧ ಆ ಸಂಜೆಯೇ ಮುರಿಯಿತು, ಅವನು ಅದೇ ವರ್ಷ ಪೇಟೆ ಬಿಟ್ಟ. ಮಲ್ಲೇಶನಿಗೂ ಬಹಳ ಕಾಲ ಯಾರೂ ಹೆಣ್ಣು ಕೊಡಲಿಲ್ಲ. ಮೂಲ ಗೊತ್ತಿಲ್ಲದ ಮನೆ ಎಂದು ಹಂಪವ್ವನ ಬೆನ್ನ ಹಿಂದೆ ಆಡಿಕೊಂಡವರು ಉಪ್ಪಿಗೆ ಮಾತ್ರ ಅವಳ ಅಂಗಳಕ್ಕೇ ಬಂದರು. ಅವಳು ಎಂದಿನಂತೆ ಅಳೆದು ಕೊಟ್ಟಳು.

ಕಟ್ಟೆ ಈಗಲೂ ಹಾಗೆಯೇ ಇದೆ. ಬಾನಿಯ ಒಂದು ಅಂಚು ಎತ್ತುಗಳು ಗದ್ದ ಉಜ್ಜಿ ಉಜ್ಜಿ ನುಣ್ಣಗಾಗಿದೆ. ಕಥೆ ಕೇಳಿದ ಮೇಲೆ ಕೆಲವರು ಚಹಾ ಕುಡಿದು, ಅಜ್ಜನವರೆಗೆ ಸಾಕು ಎಂದು ಎದ್ದು ಹೋಗುತ್ತಾರೆ. ಸಂಘದವರು ಅವರನ್ನು ಹೀಗಳೆಯುವುದಿಲ್ಲ, ಬಸ್ಸಿನವರೆಗೆ ಬಿಟ್ಟು ಬರುತ್ತಾರೆ. ಬೇರಿನವರೆಗೆ ಬೇಕು ಎಂದು ಉಳಿದವರು ಮೊದಲು ಪಕ್ಕದ ಅಂಗಡಿಯಲ್ಲಿ ಜೋಳ ಕೊಂಡು ಒಂದು ಹಿಡಿ ಬಾನಿಗೆ, ಒಂದು ಹಿಡಿ ನೆಲಕ್ಕೆ ಹಾಕಬೇಕು. ಅದಾದ ಮೇಲೇ ಹೆಳವ ಬಾಯಿ ತೆರೆಯುವುದು. ಸಂತೆಯ ದಿನ ಆ ದಾರಿಯಲ್ಲಿ ಬರುವ ಎತ್ತುಗಳು ಎರಡನ್ನೂ ತಿಂದು ಮುಗಿಸುತ್ತವೆ.